ಪ್ಲೈವುಡ್ ಸೇತುವೆಯ ಬಸವೇಶ

ಬಸವೇಶನ ಮುಖ ಹಾಸನ ಜಿಲ್ಲೆಯ ಜನಕ್ಕೆ ಪರಿಚಯವಾದದ್ದು ಅವನು ಸಿನಿಮಾವೊಂದರಲ್ಲಿ ಸೇತುವೆ ಮುರಿದು ನೀರಿಗೆ ಬಿದ್ದದ್ದರಿಂದ. ಬಿಳಿ ಷರ್ಟು, ಕೊರಳಲ್ಲಿ ಚೆಂಡುಹೂವಿನ ಹಾರ, ಕೈಯಲ್ಲಿ ಕತ್ತರಿ. ಟೇಪು ಕತ್ತರಿಸಿ, ನಾಲ್ಕು ಹೆಜ್ಜೆ ನಡೆದು, ಜನಕ್ಕೆ ಕೈಮುಗಿಯುತ್ತಲೇ ಕೆಳಕ್ಕೆ ಹೋಗುತ್ತಾನೆ. ಅಷ್ಟು ತುಣುಕನ್ನು ಜನ ಫೋನಿನಲ್ಲಿ ಮತ್ತೆ ಮತ್ತೆ ಹಾಕಿಕೊಂಡು ನಗುತ್ತಾರೆ. ಅದೇ ಸೇತುವೆ ಆಮೇಲೆ ನಿಜವಾಗಿಯೂ ಮುರಿದು ಬಿತ್ತೆಂದು, ಅದರ ಜೊತೆ ಬಿದ್ದ ಹೆಂಗಸು ಇವತ್ತಿಗೂ ನೆಟ್ಟಗೆ ನಡೆಯಲಾರಳೆಂದು ನಗುವವರಿಗೆ ಗೊತ್ತಿಲ್ಲ.

ಅದಕ್ಕೂ ಮೊದಲು ಅವನು ಮಾವಿನಕೊಪ್ಪಲಿನ ಹಾಲಿನ ಡೈರಿಯ ಸೆಕ್ರೆಟರಿ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಡೈರಿಯ ಬಾಗಿಲು ತೆಗೆಯಬೇಕು, ತಂದವರ ಹಾಲು ಅಳೆದು ಫ್ಯಾಟು ನೋಡಬೇಕು, ಕ್ಯಾನುಗಳನ್ನು ಲಾರಿಗೆ ಹತ್ತಿಸಬೇಕು; ಸಂಜೆ ಮತ್ತೆ ಅದೇ. ಮದುವೆಯಾದ ಮೇಲೆ ಒಂದು ದಿನವೂ ಬೇರೆ ಊರಿನಲ್ಲಿ ಉಳಿದವನಲ್ಲ. ಹೆಂಡತಿ ದಾಕ್ಷಾಯಿಣಿ ಅದನ್ನೇ ಹೇಳಿ ಛೇಡಿಸುತ್ತಿದ್ದಳು: "ಹಸ ಹಾಲು ಕೊಡಾದು ನಿಲ್ಸಿದ್ರೆ ನೀವು ನನ್ನ ಎಲ್ಗಾದ್ರೂ ಕರ್ಕೊಂಡೋಗ್ತೀರಿ."

ಮಾವಿನಕೊಪ್ಪಲು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಇದೆ. ಊರನ್ನು ಒಂದು ಹಳ್ಳ ಎರಡಾಗಿ ಸೀಳಿದೆ. ಶಾಲೆ, ಡೈರಿ, ರೇಷನ್ ಅಂಗಡಿ, ಬಸ್ಸು ಎಲ್ಲ ಈಚೆ ದಡದಲ್ಲಿ. ಆಚೆ ದಡದ ಮನೆಗಳಿಗೆ ಆಚೆಕೊಪ್ಪಲು ಅನ್ನುತ್ತಾರೆ. ಬೇಸಿಗೆಯಲ್ಲಿ ಹಳ್ಳದಲ್ಲಿ ಕಣಕಾಲುದ್ದ ನೀರು, ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತವೆ. ಮಳೆ ಹಿಡಿದು, ಗೊರೂರಿನ ಅಣೆಕಟ್ಟೆಯಿಂದ ನಾಲೆಗೂ ನೀರು ಬಿಟ್ಟರೆ ಮುಗಿಯಿತು. ಎದೆಮಟ್ಟದ ಕೆಂಪು ನೀರು ಸುತ್ತಿಕೊಂಡು ಹರಿಯುತ್ತದೆ. ಆಗ ಆಚೆಕೊಪ್ಪಲಿನವರು ನಾಲೆ ಏರಿ ಹಿಡಿದು, ಮುಂದಿನ ಊರಿನ ಮೋರಿ ದಾಟಿ ಸುತ್ತಿ ಬರಬೇಕು. ಅವರು ಬರುವಷ್ಟರಲ್ಲಿ ಹಾಲಿನ ಲಾರಿ ಹೋಗಿರುತ್ತಿತ್ತು. ತಂದ ಹಾಲನ್ನು ವಾಪಸ್ ಹೊತ್ತುಕೊಂಡು ಹೋಗುವವರ ಮುಖ ಬಸವೇಶನೇ ನೋಡಬೇಕು.

ಆ ಮುಖಗಳನ್ನು ನೋಡಲಾರದೆಯೇ ಅವನು ಒಂದು ಸಲ ಪಂಚಾಯಿತಿ ಚುನಾವಣೆಗೆ ನಿಂತು ಗೆದ್ದಿದ್ದ. ಮೀಟಿಂಗಿನಲ್ಲೆಲ್ಲ ಅವನದು ಒಂದೇ ಮಾತು, ಸೇತುವೆ. ಅವನು ಎದ್ದು ನಿಂತರೆ ಸಾಕು, ಉಳಿದ ಮೆಂಬರುಗಳು "ಬಂತು ಸೇತ್ವೆ" ಎಂದು ನಗುತ್ತಿದ್ದರು. ಸೇತುವೆ ಬರಲಿಲ್ಲ. ಮುಂದಿನ ಚುನಾವಣೆಯಲ್ಲಿ ಜನ ಅವನನ್ನು ಸೋಲಿಸಿದರು. ಅಧ್ಯಕ್ಷನಾದವನು ಮೋಹನ್‌ಕುಮಾರ್, ಜೆಸಿಬಿ ಇಟ್ಟುಕೊಂಡು ಕಂಟ್ರಾಕ್ಟು ಮಾಡುವ ಮನುಷ್ಯ. ಕೇಳಿದವರಿಗೆಲ್ಲ ಅವನ ಉತ್ತರ ಒಂದೇ: "ಎಸ್ಟಿಮೇಟು ಮ್ಯಾಕೆ ಓಗ್ಯದೆ ಕಣಯ್ಯ. ಬರ್ಲಿ ತಡಿ."

ಹೀಗಿರುವಾಗ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಸಿನಿಮಾದವರು ಬಂದರು. ಡೈರೆಕ್ಟರು ರಜನೀಶ್ ಚನ್ನರಾಯಪಟ್ಟಣದ ಹುಡುಗ, ಮೊದಲನೇ ಸಿನಿಮಾ. 'ಟೇಪ್ ಕಟಿಂಗ್' ಅಂತ ಹೆಸರು, ನಗೆ ಸಿನಿಮಾ. ಕಾಗದದ ಮೇಲೆ ಮಾತ್ರ ಇರುವ ಒಂದು ಸೇತುವೆಯನ್ನು ಅಧ್ಯಕ್ಷನೊಬ್ಬ ಉದ್ಘಾಟನೆ ಮಾಡಲೇಬೇಕಾಗಿ ಬರುತ್ತದೆ. ಅವಸರದಲ್ಲಿ ಹಲಗೆ ಹೊಡೆಸಿ, ಸಿಮೆಂಟಿನ ಬಣ್ಣ ಬಳಿಸಿ, ಟೇಪು ಕತ್ತರಿಸಿ, ಎಲ್ಲರ ಮುಂದೆ ನೀರಿಗೆ ಬೀಳುತ್ತಾನೆ. ಕೊನೆಯಲ್ಲಿ ಊರಿನವರೆಲ್ಲ ಸೇರಿ ತಾವೇ ಸೇತುವೆ ಕಟ್ಟಿಕೊಳ್ಳುತ್ತಾರೆ, ಒಂದು ಹಾಡು. ಇದಕ್ಕೆ ಅವರಿಗೆ ಸೇತುವೆಯಿಲ್ಲದ ಹಳ್ಳ ಬೇಕಿತ್ತು. ಮಾವಿನಕೊಪ್ಪಲಿನಲ್ಲಿ ಅದು ಪುಕ್ಕಟೆ ಸಿಕ್ಕಿತು.

ಹಳ್ಳದಲ್ಲಿ ಸೆಂಟ್ರಿಂಗ್ ಪೈಪುಗಳನ್ನು ನಿಲ್ಲಿಸಿ, ಮೇಲೆ ಪ್ಲೈವುಡ್ ಹೊಡೆದು, ಬೂದು ಬಣ್ಣ ಬಳಿದರು. ದೂರದಿಂದ ನೋಡಿದರೆ ಸರ್ಕಾರವೇ ಕಟ್ಟಿಸಿದ ಹಾಗಿತ್ತು. ಊರಿನವರು ಸಾಲಾಗಿ ನಿಂತು ನೋಡಿದರು. ತಾವು ಇಷ್ಟು ಕಾಲ ಕೇಳಿದ್ದು ಹೀಗೆಯೇ ಇರುತ್ತಿತ್ತು ಎಂದು ಎಲ್ಲರೂ ಒಂದೇ ಸಲ ಕಂಡಿದ್ದರು.

ಅಧ್ಯಕ್ಷನ ಪಾತ್ರಕ್ಕೆ ಬೆಂಗಳೂರಿನಿಂದ ಬರಬೇಕಾದ ನಟ ಬರಲಿಲ್ಲ. ಅದೇ ಹೊತ್ತಿಗೆ ಬಸವೇಶ ಶೂಟಿಂಗಿನ ಜನ ದಾರಿಗೆ ಅಡ್ಡ ನಿಂತಿದ್ದಾರೆಂದು ದಡದ ಮೇಲೆ ಕೂಗಾಡುತ್ತಿದ್ದ. "ದಾರಿ ಬುಡ್ರಿ ಸಾ, ಹಾಲು ಒಡ್ದೋಯ್ತದೆ! ನಿಮ್ ಸೇತ್ವೆ ಆಮ್ಯಾಕೆ ಕಟ್ಕಳಿ, ನಮ್ಮೆಣ್ಮಕ್ಳು ಈಗ ದಾಟ್ಬೇಕು!" ರಜನೀಶ್ ಅವನನ್ನೇ ನೋಡುತ್ತ ನಿಂತ. ಮಾರನೆಯ ದಿನ ಬಸವೇಶನ ಮೈಮೇಲೆ ಬಿಳಿ ಷರ್ಟು ಬಂತು.

ಕಣಕಾಲು ನೀರಿನಲ್ಲಿ ಬೀಳಿಸಲಾಗದೆಂದು ಮರಳಿನ ಚೀಲ ಪೇರಿಸಿ ನೀರು ನಿಲ್ಲಿಸಿದ್ದರು. ನಡುವಿನ ಒಂದು ಹಲಗೆ ಜಾರುವಂತೆ ಮಾಡಿದ್ದರು. ಬಸವೇಶ ಬಿದ್ದ, ಎದ್ದ, ಷರ್ಟು ಬದಲಾಯಿಸಿದ, ಮತ್ತೆ ಬಿದ್ದ. ಪ್ರತಿ ಸಲವೂ ಊರಿಗೆ ಊರೇ ನಕ್ಕಿತು. ಆಚೆಕೊಪ್ಪಲಿನ ನಂಜಮ್ಮ ದಡದಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇನ್ನೊಂದು ಕಿತ ಬೀಳ್ಸಿ ಸಾಮಿ, ಕಣ್ತುಂಬ ನೋಡ್ಬೇಕು ಅಧ್ಯಕ್ಸನ್ನ" ಎಂದು ಕೂಗಿದಳು. ನಂಜಮ್ಮ ಗಂಡ ಸತ್ತವಳು, ಅರವತ್ತು ದಾಟಿದ ವಯಸ್ಸು. ಎರಡು ಹಸು ಕಟ್ಟಿಕೊಂಡು ಒಬ್ಬಳೇ ಇದ್ದಳು. ಡೈರಿಗೆ ಮೊದಲು ಬರುವ ಹಾಲು ಅವಳದೇ.

ಶೂಟಿಂಗ್ ಮುಗಿದ ದಿನ ರಜನೀಶ್ ಸಂಭಾವನೆ ಕೊಡಲು ಬಂದ. ಬಸವೇಶ ಕೈ ಚಾಚಲಿಲ್ಲ.

"ದುಡ್ಡು ಬ್ಯಾಡ ಸಾ. ಸೇತ್ವೆ ಬುಟ್ಟೋಗಿ."

"ಅಣ್ಣಾ, ಇದು ಸೆಟ್ಟು," ಎಂದ ರಜನೀಶ್. "ಮಳೆಗಾಲ ತಡೆಯೋಕೆ ಮಾಡಿದ್ದಲ್ಲ."

"ನಾವು ತಡ್ಕಳಂಗೆ ಮಾಡ್ಕತೀವಿ. ನಿಮ್ ಸಿನಿಮಾದಲ್ಲಿ ಊರೋರು ಮಾಡ್ಕಳಲ್ವಾ, ಅಂಗೇಯ."

ರಜನೀಶ್ ತನ್ನವರ ಕಡೆ ನೋಡಿದ, ಹಳ್ಳದ ಕಡೆ ನೋಡಿದ. ಪೈಪುಗಳಲ್ಲಿ ಅರ್ಧ ಬಾಡಿಗೆಯವು, ಅವನ್ನು ಬಿಚ್ಚಿಸಿಕೊಂಡ. ಉಳಿದದ್ದನ್ನು ಬಿಟ್ಟುಹೋದ.

ಆಮೇಲಿನ ಆ ಒಂದು ವಾರವನ್ನು ಮಾವಿನಕೊಪ್ಪಲಿನವರು ಈಗಲೂ ನೆನೆಯುತ್ತಾರೆ. ಕ್ಯಾಮೆರಾ ಇರಲಿಲ್ಲ, ಹಾಡಿರಲಿಲ್ಲ. ಬಿಚ್ಚಿದ ಪೈಪುಗಳ ಜಾಗಕ್ಕೆ ತೆಂಗಿನ ದಿಮ್ಮಿ ತಂದರು. ಯಾರದೋ ಹಳೆ ಕೊಟ್ಟಿಗೆಯ ಕಲ್ಲುಕಂಬ ಬಂತು. ಗಂಡಸರು ನೀರಿಗಿಳಿದು ಕಲ್ಲು ಹೂತರು, ಹೆಂಗಸರು ಬಾಂಡ್ಲಿಯಲ್ಲಿ ಮಣ್ಣು ಹೊತ್ತರು, ದಾಕ್ಷಾಯಿಣಿ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕಿ ಕಳಿಸಿದಳು. ಆಚೆಯವರು ಈಚೆಯವರು ಎಂದು ಹಬ್ಬಗಳಲ್ಲೂ ಬೇರೆ ಬೇರೆ ಕೂರುತ್ತಿದ್ದವರು ಒಂದೇ ಪಾತ್ರೆಯಿಂದ ತಿಂದರು. ಮೊದಲ ದಿನ ಹಾಲಿನ ಕ್ಯಾನು ಹಿಡಿದು ದಾಟಿದವಳು ನಂಜಮ್ಮ. ನಡುವೆ ನಿಂತು, ಒಂದು ಸಲ ಕುಣಿದು ನೋಡಿ, "ಗಟ್ಟಿ ಅದೆ ಕಣ್ಲಾ!" ಎಂದು ಕೂಗಿದಳು.

ಮೋಹನ್‌ಕುಮಾರ್ ಒಂದು ದಿನ ಬೈಕಿನಲ್ಲಿ ಬಂದು, ದಡದಲ್ಲೇ ನಿಂತು ಫೋನಿನಲ್ಲಿ ಫೋಟೋ ಹೊಡೆದುಕೊಂಡು ಹೋದ. ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದ್ದೆಂದೂ ಹೇಳಲಿಲ್ಲ.

ಆಷಾಢದಲ್ಲಿ ಮಳೆ ಹಿಡಿಯಿತು. ಗೊರೂರಿನಲ್ಲಿ ನೀರು ಏರುತ್ತಿದೆ, ನಾಲೆಗೆ ಬಿಡುತ್ತಾರೆ ಎಂದು ಸುದ್ದಿ ಬಂತು. ಒಂದು ಸಂಜೆ ಡೈರಿ ಮುಚ್ಚಿ ಬಸವೇಶ ಹಳ್ಳಕ್ಕೆ ಹೋಗಿ ನೋಡಿದ. ನೀರು ಹಲಗೆಗೆ ಹತ್ತಿರ ಬಂದಿತ್ತು, ಒಂದು ದಿಮ್ಮಿ ಮಿಸುಕಾಡುತ್ತಿತ್ತು. ಅವನು ಮುಳ್ಳಿನ ಕಂಟಿ ಎಳೆದು ತಂದು ಈಚೆ ತುದಿಗೆ ಅಡ್ಡ ಹಾಕಿದ. ಆಚೆ ತುದಿಗೂ ಹಾಕಬೇಕೆಂದರೆ ಅದೇ ಸೇತುವೆಯ ಮೇಲೆ ನಡೆದು ಹೋಗಬೇಕು. ಕತ್ತಲಾಗುತ್ತಿತ್ತು. ಆಚೆಯ ಮನೆಯೊಂದಕ್ಕೆ ಫೋನ್ ಮಾಡಿ, "ಬೆಳಗ್ಗೆ ಯಾರ್ನೂ ಬುಡ್ಬ್ಯಾಡಿ" ಎಂದು ಹೇಳಿದ. ಅವರು ಅಕ್ಕಪಕ್ಕಕ್ಕೆ ಹೇಳಿದರು. ಊರ ಕೊನೆಯ ಮನೆಯ ನಂಜಮ್ಮನಿಗೆ ಹೇಳಲು ಯಾರಿಗೂ ನೆನಪಾಗಲಿಲ್ಲ.

ಬೆಳಗ್ಗೆ ಅವನು ಡೈರಿಯ ಬೀಗ ತೆಗೆಯುತ್ತಿದ್ದಾಗ ಶಬ್ದ ಕೇಳಿಸಿತು. ಮರ ಮುರಿದ ಶಬ್ದ, ಅದರ ಹಿಂದೆಯೇ ಕ್ಯಾನು ಕಲ್ಲಿಗೆ ಬಡಿದ ಶಬ್ದ. ಅವನು ಓಡಿದ. ನಡುವಿನ ಭಾಗ ಇರಲಿಲ್ಲ. ಕೆಳಗೆ ಹೊಂಗೆ ಮರದ ಬೇರಿಗೆ ಒಂದು ಸೀರೆ ಸಿಕ್ಕಿಕೊಂಡಿತ್ತು, ಸೀರೆಯೊಳಗೆ ನಂಜಮ್ಮ ಇದ್ದಳು. ಅವನು ಹೇಗೆ ನೀರಿಗೆ ಹಾರಿದ, ಹೇಗೆ ಅವಳನ್ನು ಹಿಡಿದ, ಅವನಿಗೇ ತಿಳಿಯದು. ದಿಮ್ಮಿಯೊಂದು ಅವಳ ಸೊಂಟದ ಮೇಲೆ ಬಿದ್ದು ಹೋಗಿತ್ತು. ದಡಕ್ಕೆ ಎಳೆದಾಗ ಅವಳು ಚೀರಲೂ ಇಲ್ಲ; ಬಾಯಿ ತೆರೆದಿತ್ತು, ಸ್ವರ ಬರುತ್ತಿರಲಿಲ್ಲ. ಹಾಲಿನ ಲಾರಿಯಲ್ಲೇ ಅವಳನ್ನು ಹಾಸನಕ್ಕೆ ಸಾಗಿಸಿದರು. ದಾರಿಯುದ್ದಕ್ಕೂ ಬಸವೇಶ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅಕ್ಕಾ, ಅಕ್ಕಾ" ಎನ್ನುತ್ತಿದ್ದ.

ಆಸ್ಪತ್ರೆಗೆ ಬೂವನಹಳ್ಳಿಯಿಂದ ನಂಜಮ್ಮನ ಮಗಳು ಓಡಿ ಬಂದಳು. ಸೊಂಟದ ಮೂಳೆ ಮುರಿದಿದೆ, ರಾಡು ಹಾಕಬೇಕು, ಮೊದಲಿನಂತೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ಕೇಳಿ, ನೆಟ್ಟಗೆ ಬಸವೇಶನ ಮುಂದೆ ಬಂದು ನಿಂತಳು.

"ನಿನ್ ಪಿಕ್ಚರ್ ಆಟಕ್ಕೆ ನಮ್ಮವ್ವನೇ ಬೇಕಿತ್ತಾ?"

ಹಿಂದಿನ ಸಂಜೆ ಮುಳ್ಳು ಹಾಕಿದ್ದು, ಫೋನ್ ಮಾಡಿದ್ದು, ಯಾವುದನ್ನೂ ಅವನು ಹೇಳಲಿಲ್ಲ.

ಮೂರನೆಯ ದಿನ ಪೊಲೀಸರು ಬಂದರು. ಅನುಮತಿಯಿಲ್ಲದೆ ಹಳ್ಳಕ್ಕೆ ಅಡ್ಡಲಾಗಿ ಅಪಾಯಕಾರಿ ಕಟ್ಟಡ ಕಟ್ಟಿ, ಒಬ್ಬ ಮಹಿಳೆಗೆ ಗಂಭೀರ ಗಾಯವಾಗಲು ಕಾರಣನಾಗಿದ್ದಾನೆ ಎಂದು ಬಸವೇಶನ ಮೇಲೆ ಪಂಚಾಯಿತಿಯಿಂದ ದೂರು ಹೋಗಿತ್ತು. ಜೊತೆಗೆ ಮೋಹನ್‌ಕುಮಾರ್ ಹೊಡೆದುಕೊಂಡು ಹೋಗಿದ್ದ ಫೋಟೋ. ಸೇತುವೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು ನಗುತ್ತಿದ್ದ ಬಸವೇಶ ಅದರಲ್ಲಿದ್ದ.

ಮಹಜರಿಗೆ ಊರಿನವರನ್ನೆಲ್ಲ ಹಳ್ಳದ ದಡಕ್ಕೆ ಕರೆಸಿದರು. "ಇದನ್ನ ಕಟ್ಟಿದ್ದು ಯಾರ್‍ರೀ?" ಎಂದು ಸಬ್‌ಇನ್ಸ್‌ಪೆಕ್ಟರು ಕೇಳಿದರು. ಕಲ್ಲು ಹೂತವರಿದ್ದರು, ದಿಮ್ಮಿ ಕೊಟ್ಟವರಿದ್ದರು, ಮಣ್ಣು ಹೊತ್ತ ಹೆಂಗಸರಿದ್ದರು. ಯಾರೂ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಯಾರೋ, "ಬಸವೇಶಪ್ಪಾರು ಮಾಡ್ಸಿದ್ದು ಸಾ," ಎಂದರು. ಬಸವೇಶ ತಿರುಗಿ ನೋಡಲಿಲ್ಲ. ಯಾರ ಧ್ವನಿ ಎಂದು ಅವನಿಗೆ ಗೊತ್ತಿತ್ತು. ಹಳೆ ಕೊಟ್ಟಿಗೆಯ ಕಲ್ಲುಕಂಬ ಅವರದೇ.

ಠಾಣೆಯಲ್ಲಿ ಕೂರಿಸಿ, ಜಾಮೀನಿನ ಮೇಲೆ ಸಂಜೆ ಬಿಟ್ಟರು. ಕೇಸು ಮುಗಿಯುವ ತನಕ ಕೆಲಸಕ್ಕೆ ಬರಬೇಡವೆಂದು ಡೈರಿಯ ಕಮಿಟಿ ಹೇಳಿತು. ಅದನ್ನು ಹೇಳಲು ಮನೆಗೆ ಬಂದವರು ಒಳಕ್ಕೆ ಬರಲಿಲ್ಲ, ದಾಕ್ಷಾಯಿಣಿ ತಂದ ಕಾಫಿ ಕುಡಿಯಲಿಲ್ಲ. ಬೆಳಗ್ಗೆ ಅವನಿಗೆ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು ಷರ್ಟು ಹಾಕಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದ. ಕ್ಯಾನು ಹಿಡಿದು ಹೋಗುವವರು ಅವನ ಮನೆ ಬಂದಾಗ ಬೇರೆ ಕಡೆ ನೋಡುತ್ತಿದ್ದರು.

ಅವನಿಗೆ ಸಿನಿಮಾದ ನೆನಪಾದದ್ದು ಆಗ. ಅದು ಬಿಡುಗಡೆಯಾದರೆ ಏನಾಗಬಹುದೆಂದು ಯೋಚಿಸಿ ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಹೋದ. ರಜನೀಶ್ ಮನೆಯಲ್ಲೇ ಇದ್ದ. ಅವನೂ ಸೊರಗಿದ್ದ.

"ಆ ಬೀಳಾದೊಂದು ತಗುದ್ಬುಡಿ ಸಾ. ನಿಮ್ ಕಾಲಿಗ್ ಬೀಳ್ತೀನಿ."

"ಅಣ್ಣಾ, ಹಂಗನ್ಬೇಡಿ. ಅದನ್ನ ತೆಗೆದರೆ ಸಿನಿಮಾನೇ ಇಲ್ಲ. ನಂದೊಬ್ಬನದಲ್ಲ ಇದು, ಮಾರಾಟ ಆಗಿಹೋಗಿದೆ." ಆಮೇಲೆ, "ನಾನು ಅವತ್ತೇ ಹೇಳಿದ್ದೆ ಅಲ್ವಾ, ಸೆಟ್ಟು ಅಂತ," ಎಂದ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ಮುಖ ತಿರುಗಿಸಿದ.

ಬಸವೇಶ, "ಹೇಳಿದ್ರಿ ಸಾ" ಎಂದು ಎದ್ದು ಬಂದ.

ಸಂಕ್ರಾಂತಿಯ ಹೊತ್ತಿಗೆ ಸಿನಿಮಾ ಬಂತು. ಹಾಸನದ ಟಾಕೀಸಿಗೆ ಬಸವೇಶ ಹೆಂಡತಿಗೂ ಹೇಳದೆ ಒಬ್ಬನೇ ಹೋದ. ಮಧ್ಯಾಹ್ನದ ಆಟ. ಹೌಸ್‌ಫುಲ್ ಇರಲಿಲ್ಲ, ಆದರೂ ಜನ ಇದ್ದರು. ಕಾಲೇಜಿನ ಹುಡುಗರು, ಸಂತೆಗೆ ಬಂದ ರೈತರು, ಮಕ್ಕಳನ್ನು ಕಟ್ಟಿಕೊಂಡ ಸಂಸಾರಗಳು. ತನ್ನ ಊರಿನ ಹಳ್ಳ ಪರದೆಯ ಮೇಲೆ ಅಷ್ಟು ಚೆನ್ನಾಗಿ ಕಾಣುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಪರದೆಯ ಮೇಲಿನ ಬಸವೇಶ ಮೀಸೆ ತಿರುವಿದ, ಭಾಷಣ ಮಾಡಿದ, ಕತ್ತರಿ ಎತ್ತಿ ತೋರಿಸಿದ. ನೋಡುತ್ತಿದ್ದ ಬಸವೇಶ ಕುರ್ಚಿಯ ಕೈ ಹಿಡಿದುಕೊಂಡ. ಹಲಗೆ ಜಾರಿತು. ಇಡೀ ಟಾಕೀಸು ಒಟ್ಟಿಗೆ ನಕ್ಕಿತು, ಶಿಳ್ಳೆ ಬಿತ್ತು. ಪಕ್ಕದಲ್ಲಿ ಕೂತ ಮುದುಕರೊಬ್ಬರು ಕೆಮ್ಮು ಬರುವಷ್ಟು ನಕ್ಕರು. ಆ ನಗುವಿನಡಿಯಲ್ಲಿ ಬಸವೇಶನಿಗೆ ಕೇಳಿಸಿದ್ದು ಕ್ಯಾನು ಕಲ್ಲಿಗೆ ಬಡಿದ ಶಬ್ದ. ದಡದ ಜನರನ್ನು ತೋರಿಸುವಾಗ ಒಂದು ಕ್ಷಣ ನಂಜಮ್ಮ ಬಂದು ಹೋದಳು, ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತ, ಎರಡು ಕಾಲ ಮೇಲೆ ನಿಂತು. ಅವನು ಎದ್ದು ಕತ್ತಲೆಯಲ್ಲಿ ಜನರ ಕಾಲು ತುಳಿಯುತ್ತ ಹೊರಗೆ ಬಂದ.

ಬಸ್‌ಸ್ಟ್ಯಾಂಡಿನಲ್ಲಿ ಆಗಲೇ ಗುರುತು ಹಿಡಿದರು. "ಅಧ್ಯಕ್ಷರೇ! ಒಂದು ಸೆಲ್ಫಿ!" ಒಬ್ಬ ಹೆಗಲ ಮೇಲೆ ಕೈ ಹಾಕಿದ. ಇನ್ನೊಬ್ಬ, "ಕೈಮುಗೀರಿ ಸಾರ್, ಬೀಳೋ ಥರ" ಎಂದ. ಬಸವೇಶ ಕೈಮುಗಿದ. ಹೇಗೆ ಬೇಡವೆನ್ನುವುದೆಂದು ಅವನಿಗೆ ತಿಳಿಯಲಿಲ್ಲ.

ಸೇತುವೆ ಒಂದು ಬಂದುಬಿಟ್ಟರೆ ನಂಜಮ್ಮ ಬಿದ್ದದ್ದಕ್ಕೆ ಏನೋ ಒಂದು ಅರ್ಥ ಉಳಿಯುತ್ತದೆ ಎಂದು ಅವನು ಮತ್ತೆ ಅರ್ಜಿ ಹಿಡಿದು ಓಡಾಡಿದ. ಹೋದಲ್ಲೆಲ್ಲ ಅವನಿಗಿಂತ ಮುಂಚೆ ಸಿನಿಮಾ ಹೋಗಿರುತ್ತಿತ್ತು. ಒಂದು ಕಚೇರಿಯಲ್ಲಿ ಸಾಹೇಬರೇ ಎದ್ದು ಕೈ ಕುಲುಕಿದರು, ಟೀ ತರಿಸಿದರು, ಸಿಬ್ಬಂದಿಯನ್ನೆಲ್ಲ ಒಳಕ್ಕೆ ಕರೆದರು. "ಆ ಡೈಲಾಗ್ ಒಂದು ಹೇಳ್ಬಿಡಿ, ಆಮೇಲೆ ನಿಮ್ಮ ಅರ್ಜಿ ನೋಡೋಣ." ಅಲ್ಲಿ ನಿಂತವರೆಲ್ಲ ಆಗಲೇ ನಗಲು ತಯಾರಾಗಿದ್ದರು. ಬಸವೇಶ ಅರ್ಜಿಯನ್ನು ಮೇಜಿನ ಮೇಲೆ ಇಟ್ಟ. ಎದೆ ಮುಂದೆ ಮಾಡಿ, ಸಿನಿಮಾದ ಧ್ವನಿಯಲ್ಲಿ ಹೇಳಿದ: "ಮಹಾಜನಗಳೇ! ಈ ಸೇತ್ವೆ ನನ್ ಮಾತಿನಷ್ಟೇ ಗಟ್ಟಿ!" ಕೋಣೆ ನಗುವಿನಿಂದ ತುಂಬಿತು. ಯಾರೋ ಇನ್ನೊಂದು ಸಲ ಎಂದರು, ಇನ್ನೊಂದು ಸಲ ಹೇಳಿದ. ಹೊರಗೆ ಬಂದು ಮೆಟ್ಟಿಲ ಬಳಿ ವಾಂತಿ ಮಾಡಿಕೊಂಡ. ಅರ್ಜಿ ಏನಾಯಿತೆಂದು ಕೊನೆಗೂ ತಿಳಿಯಲಿಲ್ಲ.

ಅವತ್ತು ಅವನು ಮನೆಗೆ ಹೋಗಲಿಲ್ಲ. ಗೊರೂರಿನ ಬಸ್ಸು ಹತ್ತಿ, ಹಿನ್ನೀರಿನ ದಡದಲ್ಲಿ ಹೋಗಿ ಕೂತ. ಯಾಕೆ ಹೋದನೆಂದು ಅವನು ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ದಾಕ್ಷಾಯಿಣಿ ಫೋನ್ ಮಾಡಿದಳು, ಮಾಡುತ್ತಲೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ಅವನು ಎತ್ತಿಕೊಂಡ.

"ಎಲ್ಲಿದೀರಿ?"

"ಗೊರೂರು."

ಅವಳು ಗಟ್ಟಿಯಾಗಿ, "ಅಲ್ಲೇ ಇರಿ. ನಾನು ಬತ್ತೀನಿ. ಫೋನ್ ಇಡ್ಬೇಡಿ. ಏನಾದ್ರೂ ಮಾತಾಡ್ತಾ ಇರಿ," ಎಂದಳು. ಅಕ್ಕಪಕ್ಕದ ಮನೆಗೂ ಒಬ್ಬಳೇ ಹೋಗಲು ಸಂಕೋಚಪಡುವ ಹೆಂಗಸು ಎರಡು ಬಸ್ಸು ಬದಲಾಯಿಸಿ, ಫೋನ್ ಕಿವಿಗೆ ಇಟ್ಟುಕೊಂಡೇ ಗೊರೂರಿಗೆ ಬಂದಳು. ಮೀನು ಹಿಡಿಯುವವರು ಬಲೆ ಎಳೆಯುತ್ತಿದ್ದ ಜಾಗದಲ್ಲಿ ಅವನು ಇನ್ನೂ ಕೂತಿದ್ದ. ಅವಳು ಬೈಯಲಿಲ್ಲ, ಅಳಲಿಲ್ಲ. ಪಕ್ಕದಲ್ಲಿ ಕೂತು, "ನಡೀರಿ, ಕಡೇ ಬಸ್ ಓಯ್ತದೆ," ಎಂದಳು.

ಆಮೇಲೆ ಅವನು ಕಚೇರಿಗಳಿಗೆ ಹೋಗುವುದನ್ನು ಬಿಟ್ಟ. ಕೇಸೊಂದು ಮುಗಿದರೆ ಸಾಕಾಗಿತ್ತು. ಹೊಳೆನರಸೀಪುರದ ಲಾಯರು ಧನ್ಯಾ ಚಿಕ್ಕ ವಯಸ್ಸಿನವಳು, ನೇರ ಮಾತಿನವಳು. "ತಪ್ಪು ಒಪ್ಕೊಂಡ್ರೆ ದಂಡ ಹಾಕಿ ಬಿಡೋ ಸಾಧ್ಯತೆ ಇದೆ, ಖಾತ್ರಿ ಹೇಳಲ್ಲ. ನಡೆಸಿದ್ರೆ ವರ್ಷಗಟ್ಟಲೆ ಆಗ್ಬೋದು. ಯೋಚನೆ ಮಾಡಿ ಹೇಳಿ ಅಂಕಲ್," ಎಂದಳು.

ಯೋಚನೆ ಮಾಡಲು ಅವನಿಗೆ ಏನೂ ಇರಲಿಲ್ಲ. ಒಪ್ಪಿಕೊಳ್ಳುತ್ತೇನೆಂದ. ಆದರೆ ಕೋರ್ಟಿಗೆ ಹೇಳುವ ಮೊದಲು ನಂಜಮ್ಮನಿಗೆ ಹೇಳಬೇಕೆನ್ನಿಸಿತು. ಆಸ್ಪತ್ರೆಯಿಂದ ಅವಳು ಮಗಳ ಮನೆಗೆ ಹೋಗಿ, ಅಲ್ಲಿ ಇರಲಾರೆನೆಂದು ಹಟ ಹಿಡಿದು ಆಚೆಕೊಪ್ಪಲಿಗೆ ವಾಪಸ್ ಬಂದಿದ್ದಳು. ಹಸುಗಳನ್ನು ಮಾರಿದ್ದರು. ನೆರೆಯವರು ಊಟ ಕೊಡುತ್ತಿದ್ದರು. ಬಿದ್ದಂದಿನಿಂದ ಬಸವೇಶ ಅವಳ ಎದುರಿಗೆ ಹೋಗಿರಲಿಲ್ಲ, ಧೈರ್ಯವಿರಲಿಲ್ಲ.

ಅವಳು ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಪಕ್ಕದಲ್ಲಿ ನಾಲ್ಕು ಕಾಲಿನ ವಾಕರು.

"ಈಗ್ ಬಂದ್ಯಾ? ನಾನ್ ಸತ್ತಿವ್ನಿ ಅಂತ ತಿಳ್ಕಂಡಿದ್ಯಾ?"

ಬಸವೇಶ ನೆಲದ ಮೇಲೆ ಕೂತ. ಕಣ್ಣೀರು ಬಂತು. ಆಚೆ ತುದಿಗೆ ಮುಳ್ಳು ಹಾಕದೆ ಬಿಟ್ಟೆ ಎಂದ. ಅದನ್ನೇ ಮತ್ತೆ ಮತ್ತೆ ಹೇಳಿದ. ಅವಳು ಹೇಳಲು ಬಿಟ್ಟಳು. ಕೊನೆಗೆ ಅವನು, "ತಪ್ಪು ಒಪ್ಕಂಡ್ಬುಡ್ತೀನಿ ಅಕ್ಕ. ನಾನೇ ಕಟ್ದೆ ಅಂತ. ಅಲ್ಲಿಗೆ ಮುಗೀಲಿ," ಎಂದ.

ನಂಜಮ್ಮನ ಮುಖ ಬಿಗಿಯಿತು.

"ನೀನೊಬ್ನೇ ಕಟ್ದಾ?"

"ಅಂಗೆ ಬರ್ಕಂಡವ್ರೆ."

"ಅವ್ರು ಬರ್ಕಳ್ಳಿ. ನೀನ್ ಯಂಗ್ಲಾ ಹೇಳೀಯೆ? ನಾನ್ ಮಣ್ ಒತ್ನಲ್ಲ, ಅದೇನಾತು? ತಲೆ ಮ್ಯಾಲೆ ಬಾಂಡ್ಲಿ ಇಟ್ಕಂಡು ಈ ಸೊಂಟದಲ್ಲೇ ಒತ್ತಿವ್ನಿ ಕಣ. ಸೊಂಟ ಓಯ್ತು. ನನ್ ಬದುಕ್ನಾಗೆ ಊರ್ಗೆ ಅಂತ ಮಾಡಿದ್ದು ಅದೊಂದೇಯ. ಅದ್ನೂ ನೀನ್ ನಿನ್ ಎಸ್ರಿಗೆ ಬರ್ಕಂಡೋಗ್ತೀಯಾ?"

ಬಸವೇಶ ಅವಳ ಮುಖ ನೋಡಿದ. ಹೀಗೊಂದು ಮಾತು ಅವನ ತಲೆಗೆ ಹೊಳೆದಿರಲೇ ಇಲ್ಲ.

"ಜೈಲಾದ್ರೂ ಸರಿ, ಒಪ್ಕಬ್ಯಾಡ," ಎಂದಳು ಅವಳು. "ನನ್ನ ಸಾಕ್ಷಿ ಅಂತ ಕರೀತಾರಂತಲ್ಲ. ಕರೀಲಿ."

ಅಂದಿನಿಂದ ನಂಜಮ್ಮ ಮಂಚದ ಮೇಲಿಂದಲೇ ಊರಿನವರನ್ನು ಒಬ್ಬೊಬ್ಬರನ್ನಾಗಿ ಕರೆಸತೊಡಗಿದಳು. ಬಂದವರನ್ನು ಕೂರಿಸಿ, ಅವತ್ತು ನೀನು ಏನು ಹೊತ್ತೆ, ನೀನು ಎಲ್ಲಿ ನಿಂತಿದ್ದೆ ಎಂದು ಅವರ ಮುಖಕ್ಕೇ ಹೇಳಿದಳು. ಕೆಲವರು ಅತ್ತರು. ಕೆಲವರು, "ಪೋಲೀಸು ಕೇಸು ನಂಜಮ್ಮ, ಮಕ್ಳು ಮರಿ ಅವೆ" ಎಂದು ಎದ್ದು ಹೋದರು. ಕಲ್ಲುಕಂಬ ಕೊಟ್ಟವರು ಕರೆದರೂ ಬರಲಿಲ್ಲ.

ವಿಚಾರಣೆಯ ದಿನ ಅವಳನ್ನು ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ಹೊಳೆನರಸೀಪುರಕ್ಕೆ ಕರೆದೊಯ್ದರು. ವಾಕರು ಊರಿಕೊಂಡು ಕೋರ್ಟಿನ ಒಳಕ್ಕೆ ಹೋದಳು. ಕಟಕಟೆ ಹತ್ತಲಾಗದೆಂದು ನ್ಯಾಯಾಧೀಶರು ಕೆಳಗೇ ಕುರ್ಚಿ ಹಾಕಿಸಿದರು.

"ಸೇತುವೆ ಕಟ್ಟಿದ್ದು ಯಾರು?" ಎಂದು ಸರ್ಕಾರಿ ವಕೀಲರು ಕೇಳಿದರು. ಬಸವೇಶ ಎಂಬ ಉತ್ತರ ಬರಬೇಕಿತ್ತು.

"ನಾವು."

"ನಾವು ಅಂದ್ರೆ ಯಾರಮ್ಮ?"

"ನಾನು. ಇವ್ರ ಹೆಂಡ್ರು ದಾಕ್ಷಾಯಿಣಿ. ಅಗಾ, ಬಾಗ್ಲತ್ರ ನಿಂತವ್ರಲ್ಲ, ಅವ್ರೆಲ್ಲಾನೂ." ಬಾಗಿಲ ಬಳಿ ನಿಂತಿದ್ದವರು ಹಿಂದೆ ಸರಿಯಲು ಹೋಗಿ, ಗೋಡೆ ಇದ್ದುದರಿಂದ ಅಲ್ಲೇ ನಿಂತರು.

"ಅಪಾಯ ಇದೆ ಅಂತ ಗೊತ್ತಿದ್ದೂ ಇವರು ನಿಮ್ಮ ಕಡೆ ದಾರಿಗೆ ಮುಳ್ಳು ಹಾಕಿರಲಿಲ್ಲ, ಹೌದಾ?"

"ಇಲ್ಲ ಸಾಮಿ. ಆಕಿದ್ರೂ ಕಿತ್ತಾಕಿ ಬತ್ತಿದ್ದೆ. ಸುತ್ಕಂಡು ಓದ್ರೆ ಲಾರಿ ಒಂಟೋಯ್ತದೆ. ಸೇತ್ವೆ ಇಲ್ದಿದ್ದಾಗ ನೀರ್ನಾಗೇ ಎಷ್ಟು ಕಿತ ಬಿದ್ದಿವ್ನಿ, ಅದಕ್ಕೆ ಯಾರ್ ಮ್ಯಾಲೂ ಕೇಸು ಆಕ್ನಿಲ್ವಲ್ಲ?"

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ಮುಂದಿನ ತಾರೀಖುಗಳಲ್ಲಿ ಊರಿನ ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಧೈರ್ಯವಾಗಿ ಹೇಳಿದರೆಂದಲ್ಲ. ಒಬ್ಬರು ನೆನಪಿಲ್ಲ ಎಂದರು, ಒಬ್ಬರು ತಾವು ಊರಲ್ಲೇ ಇರಲಿಲ್ಲ ಎಂದರು. ಆದರೆ ಉಳಿದವರು ಒಪ್ಪಿಕೊಂಡರು: ನಾನೂ ದಿಮ್ಮಿ ಹಿಡಿದೆ, ನಾನೂ ನೀರಿಗಿಳಿದೆ. ಕಲ್ಲುಕಂಬದವರೂ ಕೊನೆಗೆ ಬಂದು, ತಗ್ಗಿದ ಧ್ವನಿಯಲ್ಲಿ, "ಕಲ್ಲು ನಮ್ದೇಯ ಸಾ" ಎಂದರು. ಆವತ್ತು ಬಸವೇಶ ಮೊದಲ ಸಲ ಅವರ ಕಡೆ ತಿರುಗಿ ನೋಡಿದ.

ಮಳೆಗಾಲ ಒಂದು ಕಳೆದು, ಬೇಸಿಗೆ ಬಂದ ಮೇಲೆ ತೀರ್ಪಾಯಿತು. ಅವನೊಬ್ಬನೇ ಹೊಣೆ ಎನ್ನುವುದು ಸಾಬೀತಾಗಿಲ್ಲವೆಂದು ಬಿಡುಗಡೆ ಮಾಡಿದರು. ಯಾರಿಗೂ ಕುಣಿಯುವಂತಹ ಖುಷಿಯಾಗಲಿಲ್ಲ. ಧನ್ಯಾ ಕೈ ಕುಲುಕಿದಳು. ದಾಕ್ಷಾಯಿಣಿ ಕೋರ್ಟಿನ ಮುಂದಿನ ಹೋಟೆಲಿನಲ್ಲಿ ಎಲ್ಲರಿಗೂ ಇಡ್ಲಿ ಕೊಡಿಸಿದಳು. ಡೈರಿಯಲ್ಲಿ ಅಷ್ಟರಲ್ಲಿ ಬೇರೆ ಸೆಕ್ರೆಟರಿ ಬಂದಾಗಿತ್ತು. ಬಸವೇಶ ಹಾಸನದ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮಂಡಿಯೊಂದರ ತೂಕದ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಹಳ್ಳದ ಹತ್ತಿರ ಪಂಚಾಯಿತಿಯವರು 'ದಾಟುವುದು ಅಪಾಯ' ಎಂದು ಬೋರ್ಡು ನೆಟ್ಟಿದ್ದರು. ಸೇತುವೆ ಇನ್ನೂ ಎಸ್ಟಿಮೇಟಿನಲ್ಲೇ ಇತ್ತು.

ತೀರ್ಪಿನ ದಿನ ಹಟ ಮಾಡಿ ಬಂದಿದ್ದ ನಂಜಮ್ಮನನ್ನು ಸಂಜೆ ವಾಪಸ್ ಕರೆತಂದಾಗ, ಗೂಡ್ಸ್ ಆಟೋ ಈಚೆ ದಡದಲ್ಲಿ ನಿಂತಿತು. ಮುಂದಕ್ಕೆ ದಾರಿಯಿರಲಿಲ್ಲ. ಶಾಲೆಯಿಂದ ಒಂದು ಕುರ್ಚಿ ತಂದು ಅವಳನ್ನು ಕೂರಿಸಿದರು. ನಾಲ್ವರು ಪಂಚೆ ಎತ್ತಿ ಕಟ್ಟಿ, ಒಬ್ಬೊಬ್ಬರು ಕುರ್ಚಿಯ ಒಂದೊಂದು ಕಾಲು ಹಿಡಿದು ನೀರಿಗಿಳಿದರು. ಅವರಲ್ಲಿ ಬಸವೇಶ ಒಬ್ಬ. ಕೆಳಗೆ ಪಾಚಿಗಟ್ಟಿದ ಕಲ್ಲುಗಳು, ಕಾಲು ಜಾರುತ್ತಿತ್ತು.

"ಮೆಲ್ಗೆ ಕಣ್ರಲಾ, ಇನ್ನೊಂದು ಸೊಂಟ ಇಲ್ಲ ನಂಗೆ!" ಎಂದು ನಂಜಮ್ಮ ಎರಡು ಕೈಯಲ್ಲೂ ಕುರ್ಚಿ ಹಿಡಿದುಕೊಂಡು ಕೂಗುತ್ತಿದ್ದಳು. ಹೊತ್ತವರು ಒಬ್ಬರಿಗೊಬ್ಬರು ಕಾಲಿಡುವ ಜಾಗ ಹೇಳುತ್ತ, ನಿಂ‍ತು ನಿಂತು ದಾಟಿದರು. ಆಚೆ ದಡ ಹತ್ತುವಾಗ ದಾಕ್ಷಾಯಿಣಿ ಹಿಂದಿನಿಂದ ಒತ್ತು ಕೊಟ್ಟಳು.